ಕೊಟ್ಟಿಗೆ ನೆಲದ ಮೇಲೆ ನಿಂತು ಕೆಲಸ: ಐದು ಥರ ಹಾಸು ತುಳಿದು ನೋಡಿದ್ದು

ಹಸು ಮಾರಿದ ಮೇಲೆ ನಮ್ಮ ಕೊಟ್ಟಿಗೆ ಎರಡು ವರ್ಷ ಖಾಲಿ ಬಿದ್ದಿತ್ತು. ಹಳೆ ಸೈಕಲ್ಲು, ತೂತು ಬಿದ್ದ ಹಂಡೆ, ತೆಂಗಿನ ಸೋಗೆ ಎಲ್ಲ ಅಲ್ಲೇ. ಅದನ್ನೆಲ್ಲ ಎತ್ತಿ ಹಾಕಿ ಐದು ಅಡಿ ಉದ್ದದ ಮರಗೆಲಸದ ಬೆಂಚು ಇಟ್ಟುಕೊಂಡೆ. ಸಂಜೆ ಎರಡು ಗಂಟೆ, ಭಾನುವಾರ ಇಡೀ ದಿನ. ಸ್ಟೂಲು, ಚಪಾತಿ ಮಣೆ, ಯಾರಾದರೂ ಕೇಳಿದರೆ ಪುಟ್ಟ ದೇವರ ಮಂಟಪ. ಕೆಲಸ ಖುಷಿಯಾಗಿತ್ತು, ಕಾಲು ಮಾತ್ರ ಒಪ್ಪಲಿಲ್ಲ. ಒಂದೂವರೆ ಗಂಟೆ ಆಗುತ್ತಿದ್ದ ಹಾಗೆ ಹಿಮ್ಮಡಿ ಉರಿ, ಆಮೇಲೆ ಮೀನಖಂಡ, ಆಮೇಲೆ ಸೊಂಟ.

ನೆಲ ಕಾಂಕ್ರೀಟು. ಅದು ಒಂದು ಕೂದಲೆಳೆಯಷ್ಟೂ ಬಗ್ಗುವುದಿಲ್ಲ. ಆದರೆ ಗಟ್ಟಿ ಅನ್ನೋದು ಅರ್ಧ ಕಥೆ ಅಷ್ಟೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಕಡೆ ನಿಂತರೆ ಆ ಕೆಲಸ ನಿಂತುಹೋಗುತ್ತದೆ, ಕಾಲು ಭಾರವಾಗುತ್ತದೆ. ಹಾಗಾಗಿ ಹಾಸು ತುಸು ಬಗ್ಗಬೇಕು, ಪಾದ ಸಣ್ಣದಾಗಿ ಅಲ್ಲಾಡುತ್ತಾ ಇರಬೇಕು. ಜಾಸ್ತಿ ಬಗ್ಗಿದರೆ ಅದೂ ತೊಂದರೆ. ಇದು ನನಗೆ ದುಡ್ಡು ಕಳೆದುಕೊಂಡ ಮೇಲೆ ಗೊತ್ತಾಯಿತು.

ಆಷಾಢದಲ್ಲಿ ಶುರು ಮಾಡಿದ್ದು. ಮೊದಲು ತೆಂಗಿನ ನಾರಿನ ಮ್ಯಾಟ್. ಅರಸೀಕೆರೆ ಕಡೆಯ ನೆಂಟರು ಕೊಟ್ಟಿದ್ದು, ಪುಕ್ಕಟೆ. ಎರಡೇ ವಾರಕ್ಕೆ ಆಚೆ ಎಸೆದೆ. ಮರದ ಮೈ ಹೆರೆದು ನುಣುಪು ಮಾಡುವ ಹತ್ತರಿ ಹೊಡೆದಾಗ ಬೀಳುವ ಹೊಟ್ಟು ನಾರಿನೊಳಗೆ ಇಳಿದರೆ ಪೊರಕೆಗೂ ಬರುವುದಿಲ್ಲ. ಬಿದ್ದ ಸ್ಕ್ರೂ ಸಿಗೋದಂತೂ ದೇವರಿಗೇ ಪ್ರೀತಿ. ಮಳೆಗಾಲದ ತೇವಕ್ಕೆ ಬೂಷ್ಟು ಬೇರೆ.

ಆಮೇಲೆ ಇವಿಎ ಫೋಮ್ ಮ್ಯಾಟ್. ಮಕ್ಕಳು ಆಡೋ ರೂಮಿಗೆ, ಜಿಮ್‌ಗೆ ಹಾಕುತ್ತಾರಲ್ಲ, ಹಲ್ಲಿಗೆ ಹಲ್ಲು ಸೇರಿಸುವ ಎರಡಡಿ ಚೌಕಗಳು, ಅದೇ. 12 ಮಿ.ಮೀ. ದಪ್ಪದ್ದು ಆರು ತಂದೆ. ಒಂದೇ ಕೈಯಲ್ಲಿ ಹಿಡಿದುಕೊಂಡು ಬಂದೆ, ಅಷ್ಟು ಹಗುರ. ಮೊದಲ ದಿನ ಸ್ವರ್ಗ! ಬರಿಗಾಲಲ್ಲಿ ನಿಂತು ಕೆಲಸ ಮಾಡಿದೆ. ಹತ್ತು ದಿನ ಕಳೆಯೋ ಹೊತ್ತಿಗೆ ನಾನು ನಿಲ್ಲುವ ಜಾಗದಲ್ಲಿ ಎರಡು ಹಳ್ಳ ಬಿದ್ದಿತ್ತು. ಒಮ್ಮೆ ಕುಗ್ಗಿದ್ದು ಮತ್ತೆ ಮೇಲೇಳಲೇ ಇಲ್ಲ. ಹತ್ತರಿ ತಳ್ಳುವಾಗ ಹಿಂದಿನ ಕಾಲಿಗೆ ಬಲ ಕೊಡಬೇಕು, ಅಲ್ವಾ? ಇಲ್ಲಿ ಕಾಲು ಒತ್ತಿದರೆ ಚೌಕವೇ ಜಾರುತ್ತದೆ, ಸಂದು ಬಿಡುತ್ತದೆ, ಸಂದಿಗೆ ಹೊಟ್ಟು ತುಂಬಿಕೊಳ್ಳುತ್ತದೆ. ಕಬ್ಬಿಣ ಉಜ್ಜುವ ಗ್ರೈಂಡರ್ ಮಷೀನಿನ ಕಿಡಿ ಬಿದ್ದ ಕಡೆಯೆಲ್ಲ ಕಪ್ಪು ತೂತು. ಒಂದು ಭಾನುವಾರ ಎತ್ತಿ ನೋಡಿದರೆ ಅಡಿಯಲ್ಲಿ ನೆಲ ಒದ್ದೆ. ಮಳೆಗಾಲದಲ್ಲಿ ನಮ್ಮ ಕಡೆ ನೆಲ ಬೆವರುತ್ತದೆ. ಆ ತೇವ ಹೊರಗೆ ಹೋಗೋಕೆ ಫೋಮ್ ದಾರಿಯನ್ನೇ ಬಿಟ್ಟಿರಲಿಲ್ಲ. ಮೂಗಿಗೆ ಹಳೆ ಬಟ್ಟೆ ಗಂಟಿನ ವಾಸನೆ.

ಮೂರನೆಯದು, ನಿಂತು ಕೆಲಸ ಮಾಡುವವರಿಗೆಂದೇ ಮಾಡುವ ಆಂಟಿ ಫಟೀಗ್ ಮ್ಯಾಟ್. ಮೂರಡಿ ಉದ್ದ, ಎರಡಡಿ ಅಗಲ, ಮುಕ್ಕಾಲು ಇಂಚು ದಪ್ಪ, ಅಂಚು ಇಳಿಜಾರು. ಆನ್‌ಲೈನ್‌ನಲ್ಲಿ ತರಿಸಿದೆ. ಪಾದಕ್ಕೆ ಮಾತ್ರ ಕೇಳುವುದಾದರೆ ಐದರಲ್ಲಿ ಇದೇ ಮೇಲು, ಅನುಮಾನ ಇಲ್ಲ. ಒತ್ತಿದರೆ ಬಗ್ಗುತ್ತದೆ, ಬಿಟ್ಟರೆ ವಾಪಸ್ ಒತ್ತುತ್ತದೆ. ಆದರೆ ಮರಗೆಲಸದವನು ಮೂರಡಿಯಲ್ಲಿ ನಿಲ್ಲುವುದಿಲ್ಲ. ಬೆಂಚಿನ ಈ ತುದಿಯಿಂದ ಆ ತುದಿಗೆ ಓಡಾಡಬೇಕು, ನಾಲ್ಕು ಹೆಜ್ಜೆಗೊಮ್ಮೆ ಹತ್ತಿ ಇಳಿಯಬೇಕು. ಬೆಂಚಿನ ಉದ್ದಕ್ಕೆ ಎರಡು ಕೊಳ್ಳೋಣ ಅಂದರೆ ಬೆಲೆ ನೋಡಿ ಸುಮ್ಮನಾದೆ.

ಆಗ ನೆನಪಾಗಿದ್ದು ಹಸುವಿನ ಮ್ಯಾಟ್.

ನಮ್ಮ ಜಿಲ್ಲೆಯಲ್ಲಿ ಹಾಲಿನ ಡೇರಿ ಇಲ್ಲದ ಊರು ಹುಡುಕಬೇಕು. ಹಿಂಡಿ, ಬೂಸಾ, ಹಾಲು ಕರೆಯುವ ಮಷೀನ್ ಮಾರುವ ಅಂಗಡಿಯಲ್ಲಿ ಈ ರಬ್ಬರ್ ಮ್ಯಾಟ್ ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ಆರೂವರೆ ಅಡಿ ಉದ್ದ, ನಾಲ್ಕಡಿ ಅಗಲ, 16 ಮಿ.ಮೀ. ದಪ್ಪದ್ದು 2,600 ರೂಪಾಯಿಗೆ ಕೊಟ್ಟರು. ತೂಕ 40 ಕೆ.ಜಿ. ಮೇಲೇ ಇದೆ. ಸುರುಳಿ ಸುತ್ತಿ ಆಟೋಗೆ ಹಾಕಲು ಇಬ್ಬರು ಬೇಕಾಯಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಹಸ ಇದ್ದಾಗ ಬರೀ ನೆಲದ ಮೇಲೆ ಮಲಗಿಸ್ದೆ, ಈಗ ನಿನಗೆ ಮ್ಯಾಟ್ ತಂದ್ಯಾ ಮಗ" ಅಂದರು. ಉತ್ತರ ಇರಲಿಲ್ಲ.

ಅದರ ಕೆಳಮೈ ನೋಡಿ. ಉದ್ದಕ್ಕೂ ಗೀರು ಗೀರು ಕಾಲುವೆ ಇರುತ್ತದೆ, ಗಂಜಲ ಹರಿದು ಹೋಗಲಿ ಅಂತ. ನನಗೆ ಅದರಲ್ಲೇ ಗಾಳಿ ಆಡಿತು, ತಳ ಬೂಷ್ಟು ಹಿಡಿಯಲಿಲ್ಲ. ಮೇಲ್ಮೈ ತರಿತರಿ, ಕೊಳಗು ಜಾರದಿರಲಿ ಅಂತ. ಹತ್ತರಿ ತಳ್ಳುವ ಕಾಲಿಗೂ ಅದೇ ಬೇಕು. ನಾಲ್ಕು ಕ್ವಿಂಟಾಲ್ ಹಸು ಎದ್ದು ಮಲಗಿ ಮಾಡುವ ಹಾಸಿನ ಮೇಲೆ ನನ್ನ ಭಾರಕ್ಕೆ ಹಳ್ಳ ಬೀಳುವ ಮಾತೇ ಇಲ್ಲ. ಫೋಮ್ ಥರ ಮೆತ್ತಗಿಲ್ಲ, ಮೊದಲ ದಿನ "ಇಷ್ಟೇನಾ" ಅನ್ನಿಸುತ್ತದೆ. ಇದರ ಗುಣ ಗೊತ್ತಾಗೋದು ಮೂರನೇ ಗಂಟೆಯಲ್ಲಿ.

ಒಂದು ದಿನ ಅರ್ಧ ಇಂಚಿನ ಉಳಿ ಬೆಂಚಿನಿಂದ ಉರುಳಿತು. ಅದೇ ಹಿಂದಿನ ದಿನ ಸಾಣೆ ಕಲ್ಲಿನ ಮೇಲೆ ಮುಕ್ಕಾಲು ಗಂಟೆ ಉಜ್ಜಿದ್ದ ಉಳಿ. ಕಾಂಕ್ರೀಟಿನ ಮೇಲಾಗಿದ್ದರೆ ಮೂಲೆ ಹಾರಿಹೋಗುತ್ತಿತ್ತು. ಇಲ್ಲಿ ಮೊನೆ ರಬ್ಬರಿಗೆ ಚುಚ್ಚಿಕೊಂಡು ಹಾಗೇ ನೆಟ್ಟಗೆ ನಿಂತಿತು. ಕಿತ್ತು ಬೆಳಕಿಗೆ ಹಿಡಿದು ನೋಡಿದೆ, ಅಲಗು ಹಾಗೇ ಇತ್ತು. ಮ್ಯಾಟಿನ ದುಡ್ಡು ನನ್ನ ಪ್ರಕಾರ ಅವತ್ತೇ ವಸೂಲಾಯಿತು.

ತೊಂದರೆ ಇಲ್ಲವೇ? ಇದೆ. ಒಂದು ತಿಂಗಳು ಟೈರ್ ಅಂಗಡಿಯ ವಾಸನೆ. ಸೋಪು ಹಾಕಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗಲಿಲ್ಲ. ತರಿಯ ನಡುವೆ ಸಣ್ಣ ಪುಡಿ ಕೂರುತ್ತದೆ.

ಇಷ್ಟಾದರೂ ಸೊಂಟದ ಎಡಗಡೆ ನೋವು ಹೋಗಿರಲಿಲ್ಲ. ಕಾಲು ಆರಾಮ, ಸೊಂಟ ಹಾಗೇ. ಕಾರಣ ತೋರಿಸಿದ್ದು ಪೆನ್ಸಿಲ್ಲು. ನೆಲಕ್ಕೆ ಬಿದ್ದಾಗಲೆಲ್ಲ ಅದು ಉರುಳಿ ನನ್ನ ಎಡಗಡೆಗೆ ಬರುವ ಕೊಟ್ಟಿಗೆಯ ಹಿಂದಿನ ಗೋಡೆಯ ಬುಡಕ್ಕೇ ಹೋಗುತ್ತಿತ್ತು. ರಸಮಟ್ಟ ಇಟ್ಟು ನೋಡಿದರೆ ನಾಲ್ಕಡಿಗೆ ಒಂದು ಇಂಚು ಇಳಿಜಾರು. ಕೊಟ್ಟಿಗೆ ನೆಲ ಅಲ್ವಾ, ಗಂಜಲ ಚರಂಡಿಗೆ ಹೋಗಲಿ ಅಂತ ಕಟ್ಟಿದವರು ಸರಿಯಾಗೇ ಮಾಡಿದ್ದಾರೆ. ಒಂದಡಿ ಅಂತರದಲ್ಲಿ ಕಾಲಿಟ್ಟು ನಿಂತರೆ ಕಾಲಿಗೂ ಕಾಲಿಗೂ ಕಾಲು ಇಂಚು ಏರುಪೇರು. ಎಡಗಾಲು ಸದಾ ತಗ್ಗಿನಲ್ಲಿ. ಬೆಂಚಿನ ಕಾಲಿಗೆ ಬೆಣೆ ಕೊಟ್ಟು ಮಟ್ಟ ಮಾಡಿದ್ದೆ, ನನ್ನ ಕಾಲಿನ ಯೋಚನೆಯೇ ಬಂದಿರಲಿಲ್ಲ. ಮ್ಯಾಟ್ ಯಾವುದೇ ಇರಲಿ, ನೆಲ ಹೇಗಿದೆಯೋ ಹಾಗೇ ಮಲಗುತ್ತದೆ.

ಹಾಗಾಗಿ ಐದನೆಯದು ಹಲಗೆ ಅಟ್ಟ, ಅಂದರೆ ನೆಲದ ಮೇಲೇ ಇಟ್ಟು ಹತ್ತಿ ನಿಲ್ಲುವ ಮರದ ಮಣೆಯಂಥದ್ದು. ಸಕಲೇಶಪುರ ಕಡೆ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಇಲ್ಲಿ ಸುಲಭವಾಗಿ ಸಿಗುತ್ತದೆ. ರೀಪರ್‌ಗಳನ್ನು, ಅಂದರೆ ಉದ್ದನೆಯ ಮರದ ಪಟ್ಟಿಗಳನ್ನು, ಒಂದು ತುದಿಗೆ ಒಂದು ಇಂಚು, ಇನ್ನೊಂದು ತುದಿಗೆ ಎರಡೂಕಾಲು ಇಂಚು ಬರುವ ಹಾಗೆ ಓರೆ ಕೊಯ್ದು, ಮೇಲೆ ಮುಕ್ಕಾಲು ಇಂಚಿನ ಹಲಗೆ ಹೊಡೆದೆ. ಐದಡಿಗೆ ನಾಲ್ಕಡಿ. ರೀಪರ್‌ಗಳ ನಡುವೆ ಒಂದೂವರೆ ಅಡಿ ಬಿಟ್ಟಿದ್ದೇನೆ. ಅಷ್ಟು ಬಿಟ್ಟರೆ ಹಲಗೆ ಹೆಜ್ಜೆಗೆ ಸ್ವಲ್ಪ ತೂಗುತ್ತದೆ. ಹತ್ತಿರ ಹತ್ತಿರ ಹೊಡೆದರೆ ಮತ್ತೆ ಕಾಂಕ್ರೀಟೇ. ಈ ಮರಕ್ಕೆ ಗೆದ್ದಲು ಬೇಗ ಹತ್ತುತ್ತದೆ, ಅದಕ್ಕೆ ರೀಪರ್ ಅಡಿಗೆ ಹಳೆ ಎಂಜಿನ್ ಆಯಿಲ್ ಬಳಿದು, ಕಡಪ ಕಲ್ಲಿನ ಚೂರುಗಳ ಮೇಲೆ ಕೂರಿಸಿದೆ.

ಒಂದೇ ವಾರಕ್ಕೆ ಎಡಸೊಂಟ ಸರಿಹೋಯಿತು. ಆದರೆ ಬರೀ ಹಲಗೆ ಪಾದಕ್ಕೆ ಗಟ್ಟಿ, ಮೇಲಾಗಿ ಹೆಜ್ಜೆಗೊಂದು ಧಬ್ ಧಬ್. ಅದರ ಮೇಲೆ ಹಸುವಿನ ಮ್ಯಾಟ್ ಹಾಸಿದೆ. ಸದ್ದೂ ಅಡಗಿತು, ಪಾದವೂ ಸುಮ್ಮನಾಯಿತು.

ಇಲ್ಲೊಂದು ಎಡವಟ್ಟು ಮಾಡಿಕೊಂಡೆ. ಅಟ್ಟ, ಮ್ಯಾಟ್ ಸೇರಿ ನಾನು ಮೂರು ಇಂಚು ಎತ್ತರವಾದೆ, ಬೆಂಚು ಅಲ್ಲೇ ಉಳಿಯಿತು. ಮೂರು ದಿನ ಬಗ್ಗಿ ಬಗ್ಗಿ ಕೆಲಸ ಮಾಡಿ ಬೆನ್ನು ಹಿಡಿಯಿತು. ಹತ್ತರಿ ಹೊಡೆಯುವ ಬೆಂಚು, ಕೈ ಕೆಳಗೆ ಬಿಟ್ಟು ನಿಂತಾಗ ಮಣಿಕಟ್ಟಿನ ಮಟ್ಟಕ್ಕೆ ಬಂದರೆ ಸರಿ. ನಾಲ್ಕೂ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದೆ. ಅಟ್ಟದ ಅಂಚಿಗೆ ಎರಡು ಸಲ ಹೆಬ್ಬೆರಳು ಜಜ್ಜಿಸಿಕೊಂಡ ಮೇಲೆ ಅಲ್ಲಿ ಹಳದಿ ಪಟ್ಟಿ ಬಳಿದಿದ್ದೇನೆ.

ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಎಲ್ಲ ಒಂದು ಹದಕ್ಕೆ ಬಂತು. ಈಗ ಭಾನುವಾರ ನಾಲ್ಕು ಗಂಟೆ ನಿಲ್ಲುತ್ತೇನೆ, ಮಧ್ಯೆ ಒಂದು ಕಾಫಿ. ನೆಲ ಮಟ್ಟವಾಗಿದ್ದರೆ ನೀವು ಸೀದಾ ಹಸುವಿನ ಮ್ಯಾಟ್ ತನ್ನಿ, ಅಟ್ಟದ ಗೋಜು ಬೇಡ. ನಿಂತಲ್ಲೇ ನಿಂತು ಮಾಡುವ ಕೆಲಸವಾದರೆ ಆಂಟಿ ಫಟೀಗ್ ಮ್ಯಾಟ್ ಒಂದೇ ಸಾಕು. ನನ್ನದು ಈಗ ಅಡುಗೆಮನೆಯಲ್ಲಿದೆ, ಒಲೆ ಮುಂದೆ. ಅಮ್ಮ ಅದರ ಮೇಲೆ ನಿಂತೇ ರೊಟ್ಟಿ ತಟ್ಟುತ್ತಾರೆ, ತೊಳೆಯೋಕೆ ಎತ್ತಿದರೂ ಕೇಳುತ್ತಾರೆ. ಫೋಮ್ ಚೌಕಗಳು ಮೊಣಕಾಲೂರಿ ಮಾಡುವ ಕೆಲಸಕ್ಕೆ ಉಳಿದುಕೊಂಡಿವೆ. ಅಟ್ಟದ ಅಳತೆಗೆ ಕೊಯ್ದು ಮಿಕ್ಕ ಒಂದೂವರೆ ಅಡಿ ರಬ್ಬರ್ ತುಂಡು ಗ್ರೈಂಡರ್ ಮುಂದಿದೆ. ಕೊಯ್ಯುವಾಗ ಚಾಕುವಿಗೆ ಸೋಪಿನ ನೀರು ಹಚ್ಚಿಕೊಳ್ಳಿ, ಇಲ್ಲದಿದ್ದರೆ ಅರ್ಧಕ್ಕೇ ಕಚ್ಚಿಕೊಂಡು ನಿಲ್ಲುತ್ತದೆ.