ಹಳೇ ವಿಲ್ಲೀಸ್ ಜೀಪು: ಯಾವ ಬ್ರೇಕು, ಯಾವ ಸ್ಟೇರಿಂಗು?

ಸೇನೆಗೆ ಮಾಡಿದ ಎಂಬಿ, ಜನಸಾಮಾನ್ಯರಿಗೆ ಮಾಡಿದ ಸಿಜೆ-2ಎ, ಸಿಜೆ-3ಬಿ ಈ ಮೂರರ ಅಡಿಪಾಯ ಒಂದೇ. 80 ಇಂಚಿನ ವೀಲ್‌ಬೇಸ್, ನಾಲ್ಕೂ ಚಕ್ರಕ್ಕೆ 9 ಇಂಚಿನ ಡ್ರಮ್, ಪೆಡಲಿನ ಕೆಳಗೆ ಚಾಸಿಗೆ ಕೂರಿಸಿದ ಬ್ರೇಕ್ ಎಣ್ಣೆ ಒತ್ತುವ ಒಂಟಿ ಕೋಣೆಯ ಮಾಸ್ಟರ್ ಸಿಲಿಂಡರ್, ರಾಸ್ ಸ್ಟೇರಿಂಗ್ ಬಾಕ್ಸ್, ಅದರ ಮುಂದೆ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಬೆಲ್ ಕ್ರ್ಯಾಂಕ್. ಸಣ್ಣ ಎಂಜಿನ್ನಿಗೆ, 6.00-16ರ ಕಿರಿದಾದ ಟೈರಿಗೆ ಇದು ಸರಿಹೋಗುತ್ತಿತ್ತು. ಟೈರು ಅಗಲವಾಗಿ ಎಂಜಿನ್ ದೊಡ್ಡದಾದರೆ ಪೆಡಲೂ ಸಾಲದು, ಸ್ಟೇರಿಂಗೂ ಸಾಲದು.

ಈ ಎರಡನ್ನೂ ಬೇರೆ ಬೇರೆ ಕೆಲಸ ಎಂದುಕೊಳ್ಳುವಲ್ಲೇ ತಪ್ಪು ಶುರುವಾಗುತ್ತದೆ. ಮುಂದಿನ ಬ್ರೇಕ್ ಬಲವಾದಷ್ಟೂ ಆಕ್ಸಲ್ ಲೀಫ್ ಸ್ಪ್ರಿಂಗಿನ ಮೇಲೆ ಹೆಚ್ಚು ಹೊರಳುತ್ತದೆ. ಲಿಂಕುಗಳಲ್ಲಿ ಸಡಿಲವಿದ್ದರೆ ಆ ಹೊರಳಾಟವೆಲ್ಲ ಒಂದು ಪಕ್ಕಕ್ಕೆ ಎಳೆತವಾಗುತ್ತದೆ. ಹೊಸ ಬ್ರೇಕ್ ಹಾಕಿದ ಮೇಲೆ ಗಾಡಿ ಎಡಕ್ಕೆ ಎಳೆಯುತ್ತದೆ ಎನ್ನುವ ದೂರಿನಲ್ಲಿ ಬ್ರೇಕಿನ ತಪ್ಪು ಎಷ್ಟೋ ಸಲ ಇರುವುದೇ ಇಲ್ಲ.

ಹಾಗಾಗಿ ಭಾಗ ಕೊಳ್ಳುವ ಮೊದಲೇ ಒಂದು ಪರೀಕ್ಷೆ. ಟೈರು ನೆಲದ ಮೇಲೇ ಇರಲಿ. ಒಬ್ಬರು ಸ್ಟೇರಿಂಗ್ ಚಕ್ರವನ್ನು ಎಡಬಲಕ್ಕೆ ಅಲ್ಲಾಡಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಲಿ. ಪಿಟ್‌ಮನ್ ಆರ್ಮ್ (ಬಾಕ್ಸಿನ ತೋಳು) ಕದಲಿದರೂ ಅದು ತಳ್ಳುವ ಡ್ರ್ಯಾಗ್ ಲಿಂಕ್ ಸರಳು ತಡವಾಗಿ ಕದಲಿದರೆ ಅದರ ಬಾಲ್ ಸೀಟು ಸವೆದಿದೆ. ಬೆಲ್ ಕ್ರ್ಯಾಂಕ್ ತಿರುಗುವ ಮೊದಲು ಮೇಲೆ ಕೆಳಗೆ ತೂಗಿದರೆ ಪಿನ್ನೂ ಬೇರಿಂಗೂ ಹೋಗಿವೆ. ಆಮೇಲೆ ಮುಂದಿನ ಚಕ್ರ ಎತ್ತಿ, ಟೈರಿನ ತಲೆಯನ್ನೂ ಬುಡವನ್ನೂ ಹಿಡಿದು ಅಲ್ಲಾಡಿಸಿ. ಬ್ರೇಕ್ ಒತ್ತಿ ಹಿಡಿದಾಗ ಅಲ್ಲಾಟ ನಿಂತುಹೋದರೆ ಹಬ್ ಬೇರಿಂಗ್ ಸಡಿಲ. ಒತ್ತಿದ ಮೇಲೂ ಉಳಿದರೆ ಚಕ್ರ ಎಡಬಲಕ್ಕೆ ತಿರುಗುವ ಕೀಲು, ಅಂದರೆ ಕಿಂಗ್‌ಪಿನ್. ಇದನ್ನು ಸರಿಮಾಡದೆ ಡಿಸ್ಕ್ ಹಾಕುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಬ್ರೇಕ್: 9 ಇಂಚಿನ ಡ್ರಮ್, 11 ಇಂಚಿನ ಡ್ರಮ್, ಡಿಸ್ಕ್

ಮೂಲ 9 ಇಂಚಿನ ಬ್ರೇಕಿಗೆ ಇರುವ ಕೆಟ್ಟ ಹೆಸರಿನಲ್ಲಿ ಅರ್ಧ ಪಾಲು ಸೆಟ್ಟಿಂಗಿನದು. ಡ್ರಮ್ಮಿನ ಒಳಮೈಗೆ ಒತ್ತುವ ಇದರ ಶೂಗಳಿಗೆ ಕೆಳಗೆ ಆಧಾರದ ಎರಡು ಆಂಕರ್ ಪಿನ್, ಮೇಲೆ ಸಂದು ಹೊಂದಿಸುವ ಎರಡು ಎಕ್ಸೆಂಟ್ರಿಕ್. ಹೆಚ್ಚಿನವರು ಮೇಲಿನದನ್ನು ಮಾತ್ರ ತಿರುಗಿಸಿ ಕೈಬಿಡುತ್ತಾರೆ. ಶೂ ಬದಲಿಸಿದಾಗಲೆಲ್ಲ ಆಂಕರ್ ಪಿನ್ನನ್ನೂ ತಿರುಗಿಸಿ, ಲೈನಿಂಗಿನ ಆಂಕರ್ ಕಡೆಯ ಕೊನೆಯಲ್ಲಿ 0.005 ಇಂಚು, ಮೇಲಿನ ಕೊನೆಯಲ್ಲಿ 0.008 ಇಂಚು ಸಂದು ಬರುವಂತೆ ಫೀಲರ್ ಗೇಜ್ ಇಟ್ಟು ಹೊಂದಿಸಬೇಕು. ಉದ್ದ ಲೈನಿಂಗಿನ ಶೂ ಮುಂದಕ್ಕೆ. ಡ್ರಮ್ ಲೇತಿಗೆ ಹೋಗಿ ಬಂದಿದ್ದರೆ ಅದರ ವ್ಯಾಸಕ್ಕೆ ತಕ್ಕಂತೆ ಲೈನಿಂಗನ್ನೂ ಉಜ್ಜಿ ಬಾಗು ಕೂಡಿಸಬೇಕು. ಇಲ್ಲದಿದ್ದರೆ ಶೂವಿನ ಮಧ್ಯಭಾಗ ಮಾತ್ರ ತಾಗುತ್ತದೆ, ನೂರಾರು ಕಿಲೋಮೀಟರ್ ಓಡಿದರೂ ಕಚ್ಚುವುದಿಲ್ಲ. ಕಿರಿದಾದ ಟೈರು, ಮೂಲ ಎಂಜಿನ್, ನಿಧಾನ ಓಟ ಇದ್ದರೆ ಸರಿಯಾಗಿ ಹೊಂದಿಸಿದ 9 ಇಂಚು ಸಾಕು. ಉದ್ದದ ಇಳಿಜಾರಿನಲ್ಲಿ ಮಾತ್ರ ಬೇಗ ಬಿಸಿಯಾಗಿ ಸೋಲುತ್ತದೆ.

11 ಇಂಚಿನ ಡ್ರಮ್ 1972ರ ನಂತರದ ಸಿಜೆ ಗಾಡಿಗಳದು, ಅಗಲ 2 ಇಂಚು. ಶೂ ಉಜ್ಜುವ ಮೈ 9 ಇಂಚಿನ ಡ್ರಮ್ಮಿಗಿಂತ ಸುಮಾರು 40 ಶೇಕಡ ಹೆಚ್ಚು. ಆದರೆ ದೊಡ್ಡ ವ್ಯತ್ಯಾಸ ಅಳತೆಯದಲ್ಲ, ಜೋಡಣೆಯದು. ಇದು ಡ್ಯುಯೋ-ಸರ್ವೋ: ಮುಂದಿನ ಶೂ ಡ್ರಮ್ಮಿನ ಜತೆ ತಿರುಗಲು ಹೋಗಿ ಕೆಳಗೆ ಸಂದು ಹೊಂದಿಸುವ ಸ್ಟಾರ್ ವೀಲ್ ಮೂಲಕ ಹಿಂದಿನ ಶೂವನ್ನು ತಾನೇ ಒತ್ತುತ್ತದೆ. ಹಾಗಾಗಿ ಕಾಲ್ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದೆಯೂ ಪೆಡಲ್ ಹಗುರ. ಆರು ಬೋಲ್ಟಿನ ಬ್ಯಾಕಿಂಗ್ ಪ್ಲೇಟ್ ಹಳೇ ಮುಚ್ಚಿದ ನಕಲ್ (ಚಕ್ರ ತಿರುಗುವ ಗೆಣ್ಣು) ಇರುವ ಆಕ್ಸಲ್ಲಿಗೂ ಕೂರುತ್ತದೆ.

ಇಲ್ಲಿ ಕೈಕೊಡುವುದು ಎರಡು. ಸ್ಟಾರ್ ವೀಲಿನ ಮರೆ (ತಿರುಪಿನ ಥ್ರೆಡ್) ಎಡಕ್ಕೊಂದು ದಿಕ್ಕು, ಬಲಕ್ಕೊಂದು ದಿಕ್ಕು. ಅದಲುಬದಲಾದರೆ ತಾನಾಗಿ ಬಿಗಿಯಾಗಬೇಕಾದ ಬ್ರೇಕ್ ತಾನಾಗಿ ಸಡಿಲವಾಗುತ್ತಾ ಹೋಗುತ್ತದೆ. ಎರಡನೆಯದು, ಇದರಲ್ಲಿ ಗಿಡ್ಡ ಲೈನಿಂಗಿನ ಶೂ ಮುಂದಕ್ಕೆ ಬರಬೇಕು. 9 ಇಂಚಿನದಕ್ಕೆ ತಿರುಗುಮುರುಗು, ಹಳೇ ಅಭ್ಯಾಸದ ಕೈ ಇಲ್ಲಿ ತಪ್ಪುತ್ತದೆ. ನೀರು ದಾಟಿದ ಮೇಲೆ ಒಂದು ಕಡೆ ಬೇಗ ಒಣಗಿದರೆ ಸರ್ವೋ ಗುಣದಿಂದಲೇ ಆ ಪಕ್ಕಕ್ಕೆ ಜೋರಾಗಿ ಎಳೆಯುತ್ತದೆ. ಹಳ್ಳ ದಾಟಿ ನೂರು ಮೀಟರ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟು ಓಡಿಸಬೇಕು.

ಇನ್ನು ಮುಂದಿನ ಡಿಸ್ಕ್. ನೀರಿನಿಂದ ಹೊರಬಂದ ಕೂಡಲೇ ಒಣಗುತ್ತದೆ, ಎರಡೂ ಪಕ್ಕ ಸಮನಾಗಿ ಹಿಡಿಯುತ್ತದೆ, ಬಿಸಿಗೆ ಬೇಗ ಸೋಲುವುದಿಲ್ಲ. ಈ ಮೂರರಲ್ಲಿ ಡ್ರಮ್ ಹತ್ತಿರಕ್ಕೂ ಬರುವುದಿಲ್ಲ. ಆದರೆ ಡಿಸ್ಕ್ ಹಾಕಿದವರು ಮೊದಲ ದಿನವೇ ಹೇಳುವ ಮಾತು: ಪೆಡಲ್ ಕೆಳಗಿಳಿಯಿತು.

ಕಾರಣ ಲೆಕ್ಕದಲ್ಲಿದೆ. ಡಿಸ್ಕಿನ ತಟ್ಟೆಯನ್ನು (ರೋಟರ್) ಪ್ಯಾಡುಗಳ ನಡುವೆ ಅಮುಕುವ ಹಿಡಿಯೇ ಕ್ಯಾಲಿಪರ್. ಸಾಮಾನ್ಯವಾಗಿ ಹಾಕುವ ದೊಡ್ಡ ಕ್ಯಾಲಿಪರಿನ ಪಿಸ್ಟನ್ ಸುಮಾರು 75 ಮಿ.ಮೀ., ಅದರ ಮೈ 44 ಚದರ ಸೆಂ.ಮೀ. ಒಂದು ಇಂಚಿನ ಮಾಸ್ಟರ್ ಸಿಲಿಂಡರಿನದು 5 ಚದರ ಸೆಂ.ಮೀ. ಮಾತ್ರ. ಹಬ್ ಬೇರಿಂಗಿನ ಸಡಿಲದಿಂದ ರೋಟರ್ ಓಲಾಡಿ ಪಿಸ್ಟನ್ ಅರ್ಧ ಮಿ.ಮೀ. ಹಿಂದೆ ಸರಿದರೆ ಎರಡು ಚಕ್ರಕ್ಕೆ ಸೇರಿ 4.4 ಸಿಸಿ ಎಣ್ಣೆ ಬೇಕು. ಅಷ್ಟಕ್ಕೆ ಮಾಸ್ಟರ್ ಪಿಸ್ಟನ್ ಸುಮಾರು 9 ಮಿ.ಮೀ. ಹೋಗಬೇಕು. ಪೆಡಲ್ ಅನುಪಾತ 6:1 ಆದರೆ ಪ್ಯಾಡು ರೋಟರಿಗೆ ತಾಗುವ ಮೊದಲೇ ಕಾಲು 5 ಸೆಂ.ಮೀ. ಇಳಿದಿರುತ್ತದೆ. ಮಾಸ್ಟರನ್ನು 1⅛ ಇಂಚಿಗೆ ಏರಿಸಿದರೆ ಇಳಿತ 4 ಸೆಂ.ಮೀ.ಗೆ ಬರುತ್ತದೆ, ಆದರೆ ಅದೇ ಕಾಲ್ಬಲಕ್ಕೆ ಒತ್ತಡ ಐದರಲ್ಲೊಂದು ಪಾಲು ಕಡಿಮೆ. ಅದನ್ನು ತುಂಬಲು ಬೂಸ್ಟರ್, ಬೂಸ್ಟರಿಗೆ ಜಾಗ, ಎಂಜಿನ್ನಿನಿಂದ ಸಾಕಷ್ಟು ವ್ಯಾಕ್ಯೂಮ್. ಹೀಗೆ ಒಂದು ಇನ್ನೊಂದನ್ನು ಎಳೆದು ತರುತ್ತದೆ.

ಡಿಸ್ಕ್ ಹಾಕುವುದೇ ಆದರೆ ಇಷ್ಟು ಮಾಡಲೇಬೇಕು. ಮಾಸ್ಟರ್ ಸಿಲಿಂಡರ್ ಗಾಡಿಯ ನೆಲದಡಿ, ಕ್ಯಾಲಿಪರಿಗಿಂತ ಕೆಳಗಿರುವುದರಿಂದ ಎಣ್ಣೆ ಹಿಂದಕ್ಕೆ ಇಳಿಯುತ್ತದೆ. ಡಿಸ್ಕ್ ಲೈನಿಗೆ 2 ಪಿಎಸ್‌ಐ, ಡ್ರಮ್ ಲೈನಿಗೆ 10 ಪಿಎಸ್‌ಐ ಸ್ವಲ್ಪ ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವ್ ಹಾಕಿ. ಡ್ರಮ್ಮಿಗೆಂದು ಮಾಡಿದ ಮಾಸ್ಟರಿನೊಳಗೇ ಇಂಥ ವಾಲ್ವ್ ಇರಬಹುದು, ಡಿಸ್ಕ್ ಕಡೆಯದನ್ನು ತೆಗೆಯದಿದ್ದರೆ ಪ್ಯಾಡು ಉಜ್ಜುತ್ತಲೇ ಇರುತ್ತದೆ. ಗಿಡ್ಡ ಗಾಡಿಯಾದ್ದರಿಂದ ಜೋರಾಗಿ ಒತ್ತಿದಾಗ ಹಿಂಭಾಗ ಹಗುರವಾಗಿ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಹಿಂದಿನ ಲೈನಿಗೆ ಒತ್ತಡ ತಗ್ಗಿಸಲು ತಿರುಗಿಸಿ ಹೊಂದಿಸುವ ಪ್ರಪೋರ್ಷನಿಂಗ್ ವಾಲ್ವ್ ಬೇಕು. ರಿಮ್ಮನ್ನು ಟೈರಿಲ್ಲದೆ ಕೂರಿಸಿ ಒಂದು ಸುತ್ತು ತಿರುಗಿಸಿ. 15 ಇಂಚಿನ ಕೆಲವು ರಿಮ್ಮಿಗೆ ಕ್ಯಾಲಿಪರ್ ತಾಗುತ್ತದೆ. ಕ್ಯಾಲಿಪರ್ ಎಡಬಲ ಅದಲುಬದಲಾದರೆ ಗಾಳಿ ಬಿಡುವ ಬ್ಲೀಡರ್ ಕೆಳಗೆ ಬರುತ್ತದೆ, ಆಗ ಡಬ್ಬಗಟ್ಟಲೆ ಎಣ್ಣೆ ಹರಿಸಿದರೂ ಒಳಗಿನ ಗಾಳಿ ಹೊರಬರುವುದಿಲ್ಲ.

ನಮ್ಮ ಆಯ್ಕೆ: ಕಾಡು, ಕೆಸರು, ನಿಧಾನದ ಓಟಕ್ಕೆ ಮುಂದೆ 11 ಇಂಚಿನ ಡ್ರಮ್, ಜತೆಗೆ ಎರಡು ಕೋಣೆಯ ಮಾಸ್ಟರ್. ಹಿಂದೆ 9 ಇಂಚೇ ಇದ್ದರೂ ನಡೆಯುತ್ತದೆ, ಹಿಂಭಾಗ ಬೇಗ ಲಾಕ್ ಆಗದಿರಲು ಅದು ಒಳ್ಳೆಯದೂ ಹೌದು. ಎಂಜಿನ್ ಬದಲಾಗಿ ಹೆದ್ದಾರಿಯ ವೇಗಕ್ಕೆ ಓಡಿಸುವವರಿಗೆ ಡಿಸ್ಕ್.

ಯಾವುದನ್ನು ಆರಿಸಿದರೂ ಎರಡು ಕೋಣೆಯ ಮಾಸ್ಟರ್ ಬಿಡಬೇಡಿ. ಮೂಲ ಏರ್ಪಾಡಿನಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರ ಖಾಲಿ. ಕೂರಿಸುವಾಗ ಪೆಡಲಿಗೆ ಅರ್ಧ ಇಂಚು ಫ್ರೀ ಪ್ಲೇ ಬಿಡಿ. ಪುಶ್ ರಾಡ್ ಪಿಸ್ಟನ್ನಿಗೆ ಒತ್ತಿಕೊಂಡೇ ಇದ್ದರೆ ಒಳಗಿನ ಸಣ್ಣ ತೂತು ಮುಚ್ಚಿ, ಬಿಸಿಗೆ ಹಿಗ್ಗಿದ ಎಣ್ಣೆ ಹಿಂದಿರುಗಲಾರದೆ ಬ್ರೇಕ್ ತಾನಾಗಿ ಹಿಡಿಯುತ್ತದೆ. ಹತ್ತು ನಿಮಿಷ ನಿಲ್ಲಿಸಿ ತಣ್ಣಗಾದರೆ ಬಿಡುತ್ತದೆ, ಹಾಗಾಗಿ ಮೆಕ್ಯಾನಿಕ್ಕಿನ ಕಣ್ಣಿಗೆ ಬೀಳುವುದೇ ಇಲ್ಲ. ಲೈನು 3/16 ಇಂಚಿನ ತಾಮ್ರ-ನಿಕ್ಕಲ್ ಪೈಪಿನದಾಗಲಿ, ಡಬಲ್ ಫ್ಲೇರ್ ಇರಲಿ. ಎಡ ಚಕ್ರದ ನಟ್ಟುಗಳಿಗೆ ಎಡಮರೆ ಇರುವುದನ್ನು ಮರೆತು ಸ್ಪಾನರಿಗೆ ಪೈಪ್ ಸಿಕ್ಕಿಸಿ ಸ್ಟಡ್ ಮುರಿದವರು ಕಡಿಮೆಯಿಲ್ಲ.

ಸ್ಟೇರಿಂಗ್: ರಾಸ್, ಸ್ಯಾಗಿನಾ ಮ್ಯಾನ್ಯುಯಲ್, ಸ್ಯಾಗಿನಾ ಪವರ್

ರಾಸ್ ಬಾಕ್ಸಿನ ಅನುಪಾತ 14-12-14, ಅಂದರೆ ಎರಡು ತುದಿಗೆ 14:1, ನಡುವಿನಲ್ಲಿ 12:1, ಹಾಗಾಗಿ ನಡುವಿನಲ್ಲಿ ಚುರುಕು. ಸ್ಟೇರಿಂಗ್ ಶಾಫ್ಟಿನ ತುದಿಯ ಕ್ಯಾಮಿನ ತೋಡಿನಲ್ಲಿ ಎರಡು ಮೊಳೆ (ಪಿನ್) ಓಡಾಡುತ್ತವೆ, ನೇರ ಓಟದ ಜಾಗದಲ್ಲೇ ಅವು ಹೆಚ್ಚು ಸವೆಯುತ್ತವೆ. ಮೊದಲು ಮೇಲಿನ ಕವರಿನ ಶಿಮ್ (ತೆಳು ತಗಡು) ತೆಗೆದು ಕ್ಯಾಮಿನ ಉದ್ದುದ್ದ ಅಲ್ಲಾಟ ನಿಲ್ಲಿಸಿ. ಆಮೇಲೆ ಚಕ್ರ ನೇರವಿಟ್ಟು ಪಕ್ಕದ ಸ್ಕ್ರೂ ಹೊಂದಿಸಿ. ಪೂರ್ತಿ ತಿರುಗಿಸಿಟ್ಟು ಬಿಗಿ ಮಾಡಿದರೆ ನಡುವಿಗೆ ಬಂದಾಗ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಸೋರುತ್ತದೆಂದು ಗಟ್ಟಿ ಗ್ರೀಸ್ ತುಂಬಬೇಡಿ. ಮೊಳೆ ಪಕ್ಕಕ್ಕೆ ತಳ್ಳಿದ ಗ್ರೀಸ್ ಮತ್ತೆ ಹರಿದು ಬರುವುದಿಲ್ಲ. ನಂ. 00 ಗ್ರೀಸ್ ಸರಿ. ಬಾಕ್ಸ್, ಬೆಲ್ ಕ್ರ್ಯಾಂಕ್, ಟೈ ರಾಡ್ ಎಂಡ್ ಎಲ್ಲ ಹೊಸದಾದ ರಾಸ್ ಕಿರಿದಾದ ಟೈರಿನಲ್ಲಿ ಹಿತವಾಗಿರುತ್ತದೆ. ಅಗಲದ ರೇಡಿಯಲ್ ಹಾಕಿ ನಿಂತಲ್ಲೇ ತಿರುಗಿಸಿದರೆ ಮಾತ್ರ ತೋಳು ಸೋಲುತ್ತದೆ, ಮೊಳೆಯೂ ಸೋಲುತ್ತದೆ.

ಸ್ಯಾಗಿನಾ ಬಾಕ್ಸ್ ಸಿಜೆಗೆ ಬಂದದ್ದು 1972ರಲ್ಲಿ. ಚಾಸಿಯ ಮುಂದಿನ ಮೂಲೆಗೆ ಕೂರುತ್ತದೆ, ಬೆಲ್ ಕ್ರ್ಯಾಂಕ್ ಇರುವುದಿಲ್ಲ. ಸವೆಯುವ ಜಾಯಿಂಟು ಕಡಿಮೆಯಾದದ್ದೇ ದೊಡ್ಡ ಲಾಭ. ಡ್ರ್ಯಾಗ್ ಲಿಂಕ್ ಅಡ್ಡಕ್ಕೆ ಹೋಗುವುದರಿಂದ ಬ್ರೇಕ್ ಒತ್ತಿದಾಗ ಆಕ್ಸಲ್ ಮುಂದೆ ಹಿಂದೆ ಸರಿದರೂ ಸ್ಟೇರಿಂಗಿಗೆ ಅಷ್ಟಾಗಿ ತಟ್ಟುವುದಿಲ್ಲ. 11 ಇಂಚಿನ ಡ್ರಮ್ಮಿಗೆ ಒಪ್ಪುವ ಜೋಡಿ ಇದೇ. ಮ್ಯಾನ್ಯುಯಲ್ ಬಾಕ್ಸ್ 24:1 ಆದರೆ ರಾಸ್‌ಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸುತ್ತಬೇಕು. ಕೈಗೆ ಹಗುರ, ಆದರೆ ಬಂಡೆಯ ಮೇಲೆ ಗಾಡಿ ಜಾರಿದಾಗ ಬೇಗ ತಿದ್ದಿಕೊಳ್ಳಲು ಆಗುವುದಿಲ್ಲ. ಪವರ್ ಬಾಕ್ಸಿಗೆ ಆ ಕೊರತೆಯಿಲ್ಲ. ಪಂಪು, ಬೆಲ್ಟು, ಹೋಸು, ರೇಡಿಯೇಟರ್ ಮುಂದಿನ ಜಾಗ ಇವೆಲ್ಲ ಅದಕ್ಕೆ ಕೊಡುವ ಬೆಲೆ. ಟೈರು 31 ಇಂಚಾದರೆ ಪವರ್ ಬಿಟ್ಟು ಬೇರೆ ಯೋಚಿಸಬೇಡಿ.

ಕೂರಿಸುವಾಗ ಕೆಡುವುದು ಚಾಸಿ. ಹಳೇ ಸಿ-ಚಾನಲ್ ತೆಳುವಾದದ್ದು, ಬಾಕ್ಸಿನ ಬೋಲ್ಟಿನ ಸುತ್ತ ಕೂದಲೆಳೆಯ ಬಿರುಕು ಮೊದಲು ಬಣ್ಣದಲ್ಲಿ ಕಾಣಿಸುತ್ತದೆ. ಒಳಗಿನಿಂದ ಪ್ಲೇಟ್ ಬೆಸೆದು ಡಬ್ಬಿಯಾಗಿಸಿ, ಪ್ರತಿ ಬೋಲ್ಟಿಗೂ ಒಳಗೆ ಪೈಪ್ ತುಂಡಿನ ಸ್ಲೀವ್ ಕೊಡಿ. ಇಲ್ಲದಿದ್ದರೆ ಬಿಗಿ ಮಾಡಿದಷ್ಟೂ ಡಬ್ಬಿ ಅಮುಕುತ್ತದೆ, ಬೋಲ್ಟು ಸಡಿಲವೇ ಉಳಿಯುತ್ತದೆ. ಬಾಕ್ಸನ್ನು ಬುಡಮೇಲು ಕೂರಿಸಿದರೆ ಎಡಕ್ಕೆ ತಿರುಗಿಸಿದಾಗ ಗಾಡಿ ಬಲಕ್ಕೆ ಹೋಗುತ್ತದೆ, ಬೆಸೆಯುವ ಮೊದಲೇ ನೋಡಿಕೊಳ್ಳಿ. ಡ್ರ್ಯಾಗ್ ಲಿಂಕ್ ಟೈ ರಾಡಿಗೆ ಆದಷ್ಟು ಸಮಾನಾಂತರವಾಗಿರಲಿ. ರಾಸ್‌ನ ಉದ್ದದ ಶಾಫ್ಟು ಬಾಕ್ಸಿನದೇ ಭಾಗ, ಹಾಗಾಗಿ ಕಾಲಮ್ ಕೂಡ ಹೊಸದಾಗಬೇಕು. ಎದೆಗೆ ಗುರಿಯಿಟ್ಟ ಆ ಈಟಿ ಹೋಗುವುದೂ ಒಳ್ಳೆಯದೇ, ಅದರ ಜಾಗಕ್ಕೆ ಕುಸಿಯುವ ಶಾಫ್ಟು ಹಾಕಿ. ಮೂರು ಯೂನಿವರ್ಸಲ್ ಜಾಯಿಂಟ್ ಬಂದರೆ ನಡುವೆ ಆಧಾರದ ಬೇರಿಂಗ್ ಬೇಕೇ ಬೇಕು.

ಕಾರಿನಿಂದ ತೆಗೆದ ಎಲೆಕ್ಟ್ರಿಕ್ ಕಾಲಮ್ ನಾಲ್ಕನೆಯ ದಾರಿ. ಹೋಸಿಲ್ಲ, ಪಂಪಿಲ್ಲ. ಆದರೆ 6 ವೋಲ್ಟಿನ ಗಾಡಿಗೆ ಆಗದು, 12 ವೋಲ್ಟೂ ಒಳ್ಳೆಯ ಆಲ್ಟರ್ನೇಟರೂ ಬೇಕು. ರಾಸ್ ಬಾಕ್ಸನ್ನು ಹಾಗೇ ಉಳಿಸಿ ಇದನ್ನು ಸೇರಿಸಿದರೆ ಮೋಟಾರಿನ ಬಲವೆಲ್ಲ ಆ ಎರಡು ಮೊಳೆಯ ಮೇಲೆ ಬೀಳುತ್ತದೆ.

ಕೊನೆಗೆ ಅಲೈನ್‌ಮೆಂಟ್. ಮೂಲ ಲೆಕ್ಕ ಕ್ಯಾಸ್ಟರ್ (ಚಕ್ರ ತಿರುಗುವ ಕೀಲಿನ ತಲೆ ಹಿಂದಕ್ಕೆ ವಾಲುವ ಕೋನ) 3 ಡಿಗ್ರಿ, ಕ್ಯಾಂಬರ್ (ಚಕ್ರದ ತಲೆ ಹೊರಕ್ಕೆ ವಾಲುವ ಕೋನ) 1½ ಡಿಗ್ರಿ, ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ಸರಿದಿರುವಷ್ಟು) 3/64ರಿಂದ 3/32 ಇಂಚು. ಪವರ್ ಹಾಕಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರದಿದ್ದರೆ ಸ್ಪ್ರಿಂಗಿನಡಿ ಬೆಣೆ ಶಿಮ್ ಕೊಟ್ಟು ಕ್ಯಾಸ್ಟರನ್ನು ಒಂದೆರಡು ಡಿಗ್ರಿ ಏರಿಸಬಹುದು. ಅಷ್ಟೇ ಡಿಗ್ರಿ ಪಿನಿಯನ್ ಮೂತಿ ಕೆಳಗಿಳಿಯುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕೋನ ನೋಡಿಕೊಳ್ಳಿ. ಪಿಟ್‌ಮನ್ ನಟ್ಟಿಗೆ ಸುಮಾರು 250 ನ್ಯೂಟನ್-ಮೀಟರ್ ಟಾರ್ಕ್. ಚಾಸಿಯನ್ನು ಎತ್ತಿ ಆಕ್ಸಲ್ ಪೂರ್ತಿ ಜೋತುಬಿದ್ದಾಗ ಎರಡೂ ಕಡೆಗೆ ಕೊನೆತನಕ ತಿರುಗಿಸಿ, ಬ್ರೇಕ್ ಹೋಸ್ ಬಿಗಿಯಾಗುತ್ತದೆಯೇ, ಕ್ಯಾಲಿಪರ್ ಟೈ ರಾಡಿಗೆ ತಾಗುತ್ತದೆಯೇ ನೋಡಿ. ಮೊದಲ 50 ಕಿಲೋಮೀಟರ್ ಆದ ಮೇಲೆ ಬಾಕ್ಸಿನ ಬೋಲ್ಟು, ಕ್ಯಾಲಿಪರ್ ಬ್ರಾಕೆಟ್, ಹಬ್ ಬೇರಿಂಗ್ ಮೂರನ್ನೂ ಮತ್ತೊಮ್ಮೆ ಹಿಡಿದು ನೋಡಬೇಕು. ಇವುಗಳಲ್ಲಿ ಮೊದಲು ಸಡಿಲವಾಗುವುದು ಸಾಮಾನ್ಯವಾಗಿ ಬೇರಿಂಗೇ.