ಪ್ಲಗ್ ಮೇಲಿನ 7 ನೋಡಿ ಮೋಸಹೋದೆ, ಪಿಸ್ಟನ್ ಕರಗಿತು

ಕಾರಿಗೆ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕಿಸಿದವರು, ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದೇ ಒಂದು ಅಂಕಿಯನ್ನು ತಪ್ಪಾಗಿ ಅರ್ಥಮಾಡಿಕೊಂಡಿದ್ದಕ್ಕೆ ನಾನು ಇಡೀ ಇಂಜಿನ್ ಇಳಿಸಬೇಕಾಯಿತು.

ನನ್ನದು ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಕಂಪನಿಯಿಂದಲೇ ಬಂದ ಸ್ಪಾರ್ಕ್ ಪ್ಲಗ್ಗಿನ ಹೀಟ್ ರೇಂಜ್, ಅಂದರೆ ಬಿಸಿ ದಾಟಿಸುವ ಹಂತದ ಅಂಕಿ, 6. ಟರ್ಬೊ ಕೂರಿಸಿ ಟ್ಯೂನ್ ಮಾಡಿಸಿದ ಮೇಲೆ ಸುಮಾರು 80 ಹಾರ್ಸ್‌ಪವರ್ ಏರಿತು. 75ರಿಂದ 100 ಹಾರ್ಸ್‌ಪವರ್ ಹೆಚ್ಚಾದರೆ ಪ್ಲಗ್ ಒಂದು ಹಂತ ಕೋಲ್ಡ್ (ಬಿಸಿಯನ್ನು ಬೇಗ ಬಿಟ್ಟುಕೊಡುವಂಥದ್ದು) ಆಗಬೇಕು ಅನ್ನುವ ಲೆಕ್ಕ ಗೊತ್ತಿತ್ತು. 7 ಕೇಳಿದೆ. ನನ್ನ ಹಳೇ ಪ್ಲಗ್ಗಿನ ಕಂಪನಿಯದು ಸಿಗಲಿಲ್ಲ, ಬೇರೆ ಕಂಪನಿಯದು ಸಿಕ್ಕಿತು. ಅದರ ಮೇಲೂ 7 ಅಂತಲೇ ಇತ್ತು, ಥ್ರೆಡ್ ಅಳತೆ, ಉದ್ದ ಎರಡೂ ಸರಿಯಾಗಿದ್ದವು. ತಂದು ಹಾಕಿದೆ.

ಎಡವಿದ್ದು ಅಲ್ಲೇ. ಎನ್‌ಜಿಕೆ, ಡೆನ್ಸೊ ಕಂಪನಿಗಳ ಪ್ಲಗ್ಗಿನಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್. ಬಾಷ್, ಚಾಂಪಿಯನ್‌ನಲ್ಲಿ ಪೂರ್ತಿ ಉಲ್ಟಾ, ಸಂಖ್ಯೆ ಏರಿದಷ್ಟೂ ಹಾಟ್. ದಿಕ್ಕು ಒಂದೇ ಇದ್ದರೂ ಅಂಕಿ ಒಂದೇ ಇರುವುದಿಲ್ಲ: ಎನ್‌ಜಿಕೆಯ 6ಕ್ಕೆ ಡೆನ್ಸೊದಲ್ಲಿ 20, 7ಕ್ಕೆ 22. ನಾನು ತಂದ 7 ಕೋಲ್ಡ್ ಪ್ಲಗ್ಗೇ ಆಗಿರಲಿಲ್ಲ.

ಕೋಲ್ಡ್ ಪ್ಲಗ್ ಅಂದರೆ ಕಿಡಿ ಜೋರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಿಡಿಗೂ ಇದಕ್ಕೂ ಸಂಬಂಧವಿಲ್ಲ. ಪ್ಲಗ್ಗಿನ ತುದಿ ತನ್ನ ಬಿಸಿಯನ್ನು ಸಿಲಿಂಡರ್ ಹೆಡ್ಡಿಗೆ ಎಷ್ಟು ಬೇಗ ದಾಟಿಸುತ್ತದೆ ಅನ್ನುವುದೇ ಹೀಟ್ ರೇಂಜ್. ಒಳಗಿನ ಬಿಳಿ ಪಿಂಗಾಣಿ ಮೂಗು ಗಿಡ್ಡವಿದ್ದರೆ ಬಿಸಿ ಬೇಗ ಇಳಿಯುತ್ತದೆ, ಅದು ಕೋಲ್ಡ್. ಉದ್ದವಿದ್ದರೆ ಹಾಟ್. ತುದಿಯ ಬಿಸಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. 800ರ ಮೇಲೆ ಹೋದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಅದನ್ನು ಕೆಳಕ್ಕೆ ಒತ್ತುತ್ತದೆ.

ಸೂಚನೆ ಸಿಗಲಿಲ್ಲ ಅಂತಲ್ಲ. ಉದ್ದದ ಏರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಬರುತ್ತಿತ್ತು. ಪೆಟ್ರೋಲ್ ಸರಿಯಿಲ್ಲವೇನೋ ಅಂತ ಸುಮ್ಮನಾದೆ. ಅಂಥ ಸದ್ದು ಕೇಳಿದ ಕೂಡಲೇ ಕಾಲು ತೆಗೆಯಿರಿ, ಪ್ಲಗ್ ನೋಡುವವರೆಗೆ ಬೂಸ್ಟ್ (ಟರ್ಬೊದ ಗಾಳಿಯೊತ್ತಡ) ಕೊಡಬೇಡಿ. ಒಂದು ದಿನ ಏರಿನ ಮಧ್ಯೆ ಎಳೆತ ನಿಂತೇಹೋಯಿತು, ಹಿಂದೆ ನೀಲಿ ಹೊಗೆ.

ಮೂರನೇ ಸಿಲಿಂಡರಿನ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದೆ. ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗೆ, ಅಲ್ಲಲ್ಲಿ ಗುಳ್ಳೆ. ಎಲೆಕ್ಟ್ರೋಡಿನ ಮೂಲೆಗಳು ಕರಗಿ ದುಂಡಾಗಿದ್ದವು. ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ, ಹೊಳೆಯುವ ಬೂದು ಚುಕ್ಕೆಗಳು. ಅವು ಪಿಸ್ಟನ್ನಿನ ಅಲ್ಯೂಮಿನಿಯಂ. ಆ ಚುಕ್ಕೆ ಕಂಡ ಮೇಲೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡದ ಪರೀಕ್ಷೆ) ಮಾಡಿಸಿದ್ದು ನನ್ನ ಸಮಾಧಾನಕ್ಕಷ್ಟೇ.

ಹಾಗಂತ ಹೆದರಿ ಎರಡು ಮೂರು ಹಂತ ಕೋಲ್ಡ್ ಹಾಕಲೂಬೇಡಿ. ನಿಧಾನದ ಓಡಾಟದಲ್ಲಿ ತುದಿ ಬಿಸಿಯೇ ಆಗದೆ ಮಸಿ ಕಟ್ಟಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ಆಗುತ್ತದೆ. ಬರೀ ಫಿಲ್ಟರ್, ಸೈಲೆನ್ಸರ್ ಬದಲಿಸಿದವರಿಗೆ ಸಾಮಾನ್ಯವಾಗಿ ಮೂಲ ಹೀಟ್ ರೇಂಜೇ ಸಾಕು. ಟ್ಯೂನಿಂಗ್ ತಪ್ಪಿದ್ದರೆ, ಅಂದರೆ ಪೆಟ್ರೋಲ್ ಕಡಿಮೆ ಬಿದ್ದು ಕಿಡಿ ಬೇಕಾದ್ದಕ್ಕಿಂತ ಮೊದಲೇ ಹಾರುವಂತೆ ಟೈಮಿಂಗ್ ಇದ್ದರೆ, ಯಾವ ಕೋಲ್ಡ್ ಪ್ಲಗ್ಗೂ ಕಾಪಾಡುವುದಿಲ್ಲ. ಪ್ಲಗ್ ಸಡಿಲವಾಗಿ ಕೂತರೂ ಬಿಸಿ ಹೆಡ್ಡಿಗೆ ಇಳಿಯುವುದಿಲ್ಲ. ಕೈಯಂದಾಜು ಬೇಡ, ಟಾರ್ಕ್ ರೆಂಚ್ (ಬಿಗಿಯನ್ನು ಅಳೆಯುವ ಸ್ಪ್ಯಾನರ್) ಹಿಡಿದು ನಿಮ್ಮ ಇಂಜಿನ್ನಿಗೆ ಹೇಳಿದಷ್ಟೇ ಬಿಗಿ ಮಾಡಿ. ಕಂಪನಿ ಬದಲಾಯಿಸುವುದಾದರೆ ಪ್ಲಗ್ ತಯಾರಕರ ಹೋಲಿಕೆ ಪಟ್ಟಿಯಲ್ಲಿ ಪೂರ್ತಿ ಪಾರ್ಟ್ ನಂಬರ್ ತಾಳೆ ನೋಡಿ.

ಹೊಸ ಪಿಸ್ಟನ್ ಕೂತ ಮೇಲೆ ನಿಜವಾಗಿಯೂ ಒಂದು ಹಂತ ಕೋಲ್ಡ್ ಇರುವ ಪ್ಲಗ್ ಹಾಕಿದ್ದೇನೆ, ಕಿಡಿ ಹಾರುವ ಗ್ಯಾಪ್ 0.7 ಮಿಲಿಮೀಟರ್. ಜೋರಾಗಿ ಓಡಿಸಿದ ಮೇಲೆ, ತಣ್ಣಗಾಗಲು ಬಿಟ್ಟು, ನಾಲ್ಕನ್ನೂ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ನಾಲ್ಕೂ ತಿಳಿಕಂದು, ಚುಕ್ಕೆ ಒಂದೂ ಇಲ್ಲ.