ಹಳೇ ಲಿಯೋನ್‌ನಲ್ಲಿ ಎರಡು ಊಟ: ಮುಂಬೀದಿಯದೋ, ಹಿಂಬೀದಿಯದೋ?

ಫ್ರಾನ್ಸಿನ ಲಿಯೋನ್‌ನಲ್ಲಿ ಹಳೇ ಕಾಲದ ಬಿಸ್ಟ್ರೋಗೆ, ಅಂದರೆ ಸಣ್ಣ ಊಟದ ಹೋಟೆಲಿಗೆ, ಬುಶೋನ್ ಅಂತ ಹೆಸರು. ಸೋನ್ ನದಿಯ ಪಕ್ಕದ ಹಳೇ ಪೇಟೆಯಲ್ಲಿ, ಸಾಂ-ಜಾನ್ ಬೀದಿಯ ಉದ್ದಕ್ಕೂ ಇವೇ. ಕೆಂಪು-ಬಿಳಿ ಚೌಕದ ಮೇಜುಬಟ್ಟೆ ಎಲ್ಲ ಕಡೆ ಇರುತ್ತದೆ. ಅದನ್ನು ನೋಡಿ ಯಾವುದು ಒಳ್ಳೆಯದು ಅಂತ ಗೊತ್ತಾಗುವುದಿಲ್ಲ.

ಮೊದಲ ರಾತ್ರಿ ಆ ಮುಖ್ಯ ಬೀದಿಯಲ್ಲೇ ಕೂತೆವು. ಮಾರನೇ ದಿನ ಮಧ್ಯಾಹ್ನ ಹಿಂದಿನ ಓಣಿಯ ಸಣ್ಣ ಜಾಗಕ್ಕೆ ಹೋದೆವು. ಎರಡೂ ಕಡೆ ನಾನು ತರಿಸಿದ್ದು ಕೆನೆಲ್, ಅಂದರೆ ಮೀನಿನ ಉದ್ದುಂಡೆ.

ಪೈಕ್ ಅನ್ನೋ ಮೀನಿಗೆ ಮುಳ್ಳು ಜಾಸ್ತಿ. ಅದಕ್ಕೇ ಮಾಂಸವನ್ನು ಅರೆದು, ಜರಡಿ ಹಿಡಿದು, ಹಿಟ್ಟು, ಬೆಣ್ಣೆ, ಮೊಟ್ಟೆ ಸೇರಿಸಿ ಉದ್ದುಂಡೆ ಮಾಡುತ್ತಾರೆ. ನೀರಿನಲ್ಲಿ ಬೇಯಿಸಿ, ಆಮೇಲೆ ಸಿಹಿನೀರಿನ ಸಿಗಡಿಯಂಥ ಜೀವಿಯ ನಾಂತುಅ ಸಾಸ್ ಹಾಕಿ ಓವನ್‌ಗೆ ಇಡುತ್ತಾರೆ. ಅಲ್ಲಿ ಅದು ಪೂರಿಯ ಹಾಗೆ ಉಬ್ಬಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಮುಂಬೀದಿಯಲ್ಲಿ ಐದೇ ನಿಮಿಷಕ್ಕೆ ಬಂತು, ಆಗಲೇ ಅನುಮಾನ. ಅಂಚು ಸುಡುತ್ತಿತ್ತು, ನಡುವೆ ತಣ್ಣಗೆ, ರಬ್ಬರಿನ ಹಾಗೆ. ಓಣಿಯಲ್ಲಿ ಅರ್ಧ ಗಂಟೆ ಕಾದೆವು. ತಟ್ಟೆಯಂಚು ಮೀರಿ ಉಬ್ಬಿತ್ತು. ಚಮಚ ಇಟ್ಟರೆ ಉಸ್ಸೆಂದು ಇಳಿಯಿತು. ಅಷ್ಟು ಹಗುರ!

ಹೆಂಡತಿ ಮೊಟ್ಟೆ ತಿನ್ನುತ್ತಾಳೆ, ಮಾಂಸ ಮೀನು ಇಲ್ಲ. ಇಲ್ಲಿನ ಸಲಾಡ್ ಅಂದರೆ ಸೊಪ್ಪು, ಅರೆಬೆಂದ ಮೊಟ್ಟೆ, ಜೊತೆಗೆ ಹಂದಿಮಾಂಸದ ಚೂರುಗಳು. ಮುಂಬೀದಿಯವರು ಚೂರುಗಳನ್ನು ಎತ್ತಿಟ್ಟು ತಂದರು. ಆದರೆ ಆ ಚೂರಿನ ಕೊಬ್ಬನ್ನೇ ಸೊಪ್ಪಿಗೆ ಬೆರೆಸಿದ್ದರಲ್ಲ! ಓಣಿಯಾಕೆ ಮೊದಲೇ ಕೇಳಿ, ಸಲಾಡ್ ಬೇಡ ಅಂದು ಸೆರ್ವೆಲ್ ದ್ ಕನ್ಯು ತಂದಳು. ರೇಷ್ಮೆ ನೇಕಾರನ ಮಿದುಳು ಅಂತ ಅರ್ಥ. ಹೆಸರು ಕೇಳಿ ಇವಳಿಗೆ ಗಾಬರಿ. ನೋಡಿದರೆ ಗಟ್ಟಿಮೊಸರಿನಂಥ ಚೀಸ್‌ಗೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು, ಎಣ್ಣೆ, ವಿನಿಗರ್. ನಮ್ಮ ಮೊಸರುಬಜ್ಜಿಯ ನೆಂಟಸ್ತಿಕೆ, ಅಲ್ವಾ?

ದುಡ್ಡಿನ ಲೆಕ್ಕ ಸುಲಭ. ಮಧ್ಯಾಹ್ನದ ಮೆನು ರಾತ್ರಿಗಿಂತ ಅಗ್ಗ. ಮುಂಬೀದಿಯಲ್ಲಿ ಬಾಟಲಿ ನೀರು ತಂದಿಟ್ಟು ಬಿಲ್ ಮಾಡಿದರು, ನಾವೂ ಸುಮ್ನೆ ಕುಡಿದೆವು. ಕರಾಫ್ ದೋ ಅಂತ ಕೇಳಿದರೆ ನಲ್ಲಿ ನೀರು ಪುಕ್ಕಟೆ ಕೊಡಲೇಬೇಕು, ನಮಗೆ ಗೊತ್ತಾಗಿದ್ದು ಆಮೇಲೆ. ವೈನ್ ಎರಡೂ ಕಡೆ 46 ಸೆಂಟಿಲೀಟರಿನ ಪೋ ಬಾಟಲಿಯಲ್ಲೇ ಬಂತು. ತಳದ ಗಾಜು ತುಂಬಾ ದಪ್ಪ, ಕಂಡಷ್ಟು ವೈನ್ ಒಳಗಿರುವುದಿಲ್ಲ.

ಶನಿವಾರ ಓಣಿಗೆ ಮತ್ತೆ ಹೋದರೆ ಬೀಗ. ವಾರಾಂತ್ಯಕ್ಕೆ ರಜವಂತೆ. ಸರಿ, ಮುಂಬೀದಿಗೇ ಬಂದು ಗುಲಾಬಿ ಪ್ರಲೀನ್ ಟಾರ್ಟ್ ತಿಂದೆವು. ಬಾದಾಮಿಗೆ ಕೆಂಪು ಸಕ್ಕರೆ ಹಚ್ಚಿ, ಕೆನೆಯಲ್ಲಿ ಕರಗಿಸಿ ಮಾಡಿದ್ದು. ಅದು ಮಾತ್ರ ಅಲ್ಲಿ ಚೆನ್ನಾಗಿತ್ತು, ಇನ್ನೊಂದು ತುಂಡು ಕಟ್ಟಿಸಿಕೊಂಡೆವು.